ಒಂಬತ್ತು ಚರಣದಲ್ಲಿ ಆರನ್ನು ಹೊಡೆದುಹಾಕಿ: ಬೈಬಲ್ ಕಥೆಗಳಿಂದ ಹಾಡು ಕಟ್ಟುವ ಬಗ್ಗೆ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಚರ್ಚಿನ ಸಭೆಯ ಗಾಯನ ಮಂಡಳಿಗೆ ಆಗಾಗ ಹಾಡು ಬರೆದುಕೊಡುತ್ತೇನೆ. ಈಚೆಗೆ ದುಂದುಗಾರ ಮಗನ ಕಥೆಯನ್ನು ಒಂಬತ್ತು ಚರಣಗಳಲ್ಲಿ ಬರೆದು, ಹಳೆಯ ಇಂಗ್ಲಿಷ್ ಹಾಡೊಂದರ ಧಾಟಿಗೆ ಕೂರಿಸಿದೆ. ಕಥೆಯಲ್ಲಿ ಏನೂ ಬಿಟ್ಟಿಲ್ಲ. ಆದರೆ ಹಾಡಿ ಮುಗಿಸಿದ ಮೇಲೆ ನಮ್ಮ ಪಾದ್ರಿ ಅಯ್ಯನವರು "ಇವತ್ತು ನಾನು ಪ್ರಸಂಗ (ಬೋಧನೆ) ಮಾಡೋದೇ ಬೇಡ ಅನ್ನಿಸಿತು" ಎಂದು ನಕ್ಕರು. ಅದು ಹೊಗಳಿಕೆಯಲ್ಲ ಅಂತ ನನಗೂ ಗೊತ್ತು. ಎಲ್ಲಿ ತಪ್ಪಿದೆ? ಬೈಬಲಿನಲ್ಲಿ ಇಲ್ಲದ್ದನ್ನು ಹಾಡಿಗೆ ಸೇರಿಸಬಹುದೇ? ಪ್ರಾಸ ಎಷ್ಟು ಬೇಕು? ಧಾಟಿ ಹೇಗೆ ಆರಿಸಬೇಕು?

ಉತ್ತರ: ಎಲ್ಲಿ ತಪ್ಪಿದೆ ಎನ್ನುವುದನ್ನು ನೀವೇ ಬರೆದುಬಿಟ್ಟಿದ್ದೀರಿ. "ಕಥೆಯಲ್ಲಿ ಏನೂ ಬಿಟ್ಟಿಲ್ಲ." ಬಿಡಬೇಕಿತ್ತು, ಮೇಡಂ.

ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಆ ಕಥೆ ಇರುವುದು 22 ವಚನಗಳಲ್ಲಿ. ನಿಮ್ಮ ಸಭೆಯಲ್ಲಿ ಕೂತವರು ಸಂಡೇ ಸ್ಕೂಲಿನಿಂದಲೇ ಅದನ್ನು ಕೇಳಿಕೊಂಡು ಬಂದವರು. ಮಗ ಆಸ್ತಿ ಕೇಳಿದ, ಹೋದ, ಕಳೆದ, ಬಂದ. ಮುಂದೇನು ಅಂತ ಗೊತ್ತಿದ್ದವರಿಗೆ ನೀವು ಒಂಬತ್ತು ಚರಣ "ಮುಂದೇನಾಯಿತೆಂದರೆ" ಎಂದು ಹಾಡಿದ್ದೀರಿ. ಕಥೆ ಹೇಳುವುದು ಲೂಕನ ಕೆಲಸ, ವಿವರಿಸುವುದು ಅಯ್ಯನವರ ಕೆಲಸ. ಆ ಕಥೆಯ ಯಾವುದೋ ಒಂದು ಗಳಿಗೆಯಲ್ಲಿ ಕೇಳುವವರನ್ನು ತಡೆದು ನಿಲ್ಲಿಸುವುದಷ್ಟೇ ಹಾಡಿನ ಕೆಲಸ.

ಇದು ನನ್ನ ತಲೆಯಿಂದ ಬಂದ ಮಾತಲ್ಲ. ಬೈಬಲೇ ಹೀಗೆ ಮಾಡುತ್ತದೆ. ವಿಮೋಚನಕಾಂಡ 14ರಲ್ಲಿ ಇಸ್ರಾಯೇಲ್ಯರು ಕೆಂಪು ಸಮುದ್ರ ದಾಟಿದ್ದು ಗದ್ಯ, 15ರಲ್ಲಿ ಅದೇ ಘಟನೆ ಹಾಡು, ಆಮೇಲೆ ಮೋಶೆಯ ಅಕ್ಕ ಮಿರ್ಯಾಮಳು ದಮ್ಮಡಿ ಹಿಡಿದು ಬರುತ್ತಾಳೆ. ಇದಕ್ಕಿಂತ ಒಳ್ಳೆಯ ಪಾಠ ನ್ಯಾಯಸ್ಥಾಪಕರು 4 ಮತ್ತು 5. ದಯವಿಟ್ಟು ಆ ಎರಡು ಅಧ್ಯಾಯಗಳನ್ನು ಇವತ್ತು ರಾತ್ರಿ ಒಂದಾದ ಮೇಲೊಂದು ಓದಿ. ನಾಲ್ಕನೆಯದರಲ್ಲಿ ಎಲ್ಲ ಇದೆ: ಇಸ್ರಾಯೇಲಿನ ನಾಯಕಿ ದೆಬೋರ, ಅವಳ ಜೊತೆ ಯುದ್ಧಕ್ಕೆ ಹೋದ ಬಾರಾಕ, ಶತ್ರು ಸೇನಾಪತಿ ಸೀಸೆರನ ಒಂಬೈನೂರು ಕಬ್ಬಿಣದ ರಥಗಳು, ಅವನು ಸೋತು ಓಡಿ ಯಾಯೇಲಳ ಗುಡಾರ ಸೇರಿದ್ದು, ಅವಳು ಗುಡಾರದ ಗೂಟ ಹೊಡೆದು ಕೊಂದದ್ದು. ಐದನೆಯದು ದೆಬೋರಳ ಹಾಡು. ಅದು ಯಾಯೇಲಳ ಹತ್ತಿರ ಬಂದಾಗ ಏನು ಹಿಡಿಯುತ್ತದೆ ನೋಡಿ: ಅವನು ಕೇಳಿದ್ದು ನೀರು, ಅವಳು ಕೊಟ್ಟದ್ದು ಹಾಲು. ಅಷ್ಟೇ. ನೀರು, ಹಾಲು. ಆಮೇಲೆ ಅವನು ಬಿದ್ದ, ಬಿದ್ದ ಎಂದು ಅದೇ ಕ್ರಿಯಾಪದವನ್ನು ಮತ್ತೆ ಮತ್ತೆ ಬಡಿಯುತ್ತದೆ, ಸುತ್ತಿಗೆ ಬಡಿದ ಹಾಗೆ.

ಅಲ್ಲಿಗೂ ಹಾಡು ನಿಲ್ಲುವುದಿಲ್ಲ. ಥಟ್ಟನೆ ಎದ್ದು ಎಲ್ಲೋ ದೂರದ ಒಂದು ಮನೆಯ ಕಿಟಕಿಗೆ ಹೋಗುತ್ತದೆ. ಅಲ್ಲಿ ಸೀಸೆರನ ತಾಯಿ ಜಾಲರಿಯಾಚೆ ನೋಡುತ್ತಿದ್ದಾಳೆ: ರಥ ಬರುವುದು ಯಾಕೆ ತಡವಾಯಿತು? ಪಕ್ಕದ ಹೆಂಗಸರು ಸಮಾಧಾನ ಹೇಳುತ್ತಾರೆ: ಕೊಳ್ಳೆ ಹಂಚಿಕೊಳ್ಳುತ್ತಿರಬೇಕು, ಬಣ್ಣದ ಕಸೂತಿ ಬಟ್ಟೆ ತರುತ್ತಿರಬೇಕು. ಅವನು ಸತ್ತದ್ದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಈ ತಾಯಿ ಇಲ್ಲವೇ ಇಲ್ಲ!

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆ ಕಿಟಕಿಯಲ್ಲೇ ಇದೆ. ಇಲ್ಲದ್ದನ್ನು ಸೇರಿಸಬಹುದೇ? ನೋಡುವ ಜಾಗ ಬದಲಿಸಬಹುದು. ಶತ್ರುವಿನ ತಾಯಿಯ ಕಣ್ಣಿಂದಲೂ ನೋಡಬಹುದು. ನಡೆದದ್ದನ್ನು ಬದಲಿಸಬಾರದು. ಇನ್ನು ಬಾಯಿ ಮುಚ್ಚಿಕೊಂಡಿರುವವರ ಬಾಯಲ್ಲಿ ಮಾತು ತುರುಕುವುದು, ಅದರಲ್ಲಿ ನಾನೇ ಒಮ್ಮೆ ಸಿಕ್ಕಿಬಿದ್ದೆ. ಅದನ್ನು ಹೇಳುವ ಮೊದಲು ನಿಮ್ಮ ದುಂದುಗಾರನಿಗೆ ಬರೋಣ.

ಆ ಕಥೆಯಲ್ಲಿ ಹಾಡಾಗಲು ಕಾದು ಕೂತಿರುವ ಜಾಗ ಒಂದಿದೆ. ಹಂದಿ ಮೇಯಿಸುತ್ತಾ ಹಸಿದು ಕೂತ ಮಗ ಊರಿಗೆ ಹೋಗಿ ಏನು ಹೇಳಬೇಕೆಂದು ಮೊದಲೇ ಬಾಯಿಪಾಠ ಮಾಡಿಕೊಳ್ಳುತ್ತಾನೆ. ಮೂರು ಮಾತು. ಪಾಪ ಮಾಡಿದೆ. ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ. ಕೂಲಿಯಾಳಿನಂತೆ ಇಟ್ಟುಕೋ. ಇದು 18 ಮತ್ತು 19ನೇ ವಚನ. ಈಗ 21ನೇ ವಚನ ನೋಡಿ. ಅಪ್ಪನ ಎದುರು ನಿಂತು ಮೊದಲ ಎರಡು ಮಾತು ಹೇಳುತ್ತಾನೆ. ಮೂರನೆಯದು ಬರುವುದೇ ಇಲ್ಲ. 22ರಲ್ಲಿ ಅಪ್ಪ ಆಗಲೇ ಆಳುಗಳ ಕಡೆ ತಿರುಗಿ ನಿಲುವಂಗಿ ತನ್ನಿ, ಉಂಗುರ ತನ್ನಿ, ಜೋಡು ತನ್ನಿ ಎನ್ನುತ್ತಿದ್ದಾನೆ.

ಅಂದರೆ ಪಲ್ಲವಿ ಸಿದ್ಧವಾಗಿಯೇ ಇದೆ. ಅವನು ಬಾಯಿಪಾಠ ಮಾಡಿದ ಮಾತೇ ಪಲ್ಲವಿ. ದಾರಿಯುದ್ದಕ್ಕೂ ಗುನುಗಿಕೊಂಡು ಬರುತ್ತಾನೆ, ಚರಣದ ಮೇಲೆ ಚರಣ. ಕೊನೆಗೆ ಅಪ್ಪನ ಎದುರು ಅದೇ ಪಲ್ಲವಿ ಶುರುವಾಗಿ ಅರ್ಧಕ್ಕೆ ನಿಲ್ಲಬೇಕು. ನಾನು ನಮ್ಮ ಮಂಡಳಿಗೆ ಕಟ್ಟಿಕೊಟ್ಟದ್ದು ಹೀಗಿತ್ತು:

ಯಾವ ಮುಖದಲಿ ಮಗನು ಎನ್ನಲಿ
ಅಪ್ಪ, ಕೂಲಿಗೆ ಇಟ್ಟುಕೊಳ್ಳೋ

ಹಂದಿ ತಿನ್ನುವ ಕಾಯ ಸಿಪ್ಪೆಯ
ತಂದು ಕೊಡುವವರಿಲ್ಲವಲ್ಲೋ

ಇದು ಪಲ್ಲವಿ ಮತ್ತು ಮೊದಲ ಚರಣದ ಮೊದಲರ್ಧ. ಕೊನೆಯ ಚರಣದಲ್ಲಿ ಮೊದಲು ಹೀಗೆ ಬರೆದಿದ್ದೆ:

ದೂರದಿಂದಲೆ ಕಂಡು ಓಡಿದ
ಬಾರೊ ಎನ್ನುತ ತಬ್ಬಿಕೊಂಡಾ

ಪ್ರಾಸ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ಎರಡು ದಿನ ಅದನ್ನೇ ಗುನುಗುತ್ತಾ ಓಡಾಡಿದೆ. ಮೂರನೇ ದಿನ ಲೂಕನನ್ನು ಮತ್ತೆ ತೆರೆದು ನೋಡಿದರೆ, ಆ ಅಪ್ಪ ಕಿರಿಯ ಮಗನ ಜೊತೆ ಒಂದೇ ಒಂದು ಮಾತೂ ಆಡುವುದಿಲ್ಲ. ಆಳುಗಳ ಹತ್ತಿರ ಮಾತಾಡುತ್ತಾನೆ, ಆಮೇಲೆ ಹಿರಿಯ ಮಗನ ಹತ್ತಿರ ಮಾತಾಡುತ್ತಾನೆ. ತಪ್ಪಿಹೋಗಿ ಬಂದವನಿಗೆ ಓಟ, ಅಪ್ಪುಗೆ, ಮುತ್ತು, ಅಷ್ಟೇ. ನನ್ನ "ಬಾರೊ" ಆ ಮೌನವನ್ನು ಕೆಡಿಸುತ್ತಿತ್ತು. ಹೊಡೆದುಹಾಕಿ "ಕೊರಳನಪ್ಪಿದ ಮುತ್ತನಿಟ್ಟಾ" ಎಂದು ಬದಲಿಸಿದೆ. ಶಾಸ್ತ್ರ ಬಲ್ಲವರು ಪ್ರಾಸ ಕೆಟ್ಟಿತು ಅಂದಾರು. ಆದಿಪ್ರಾಸದಲ್ಲಿ ಸಾಲುಗಳ ಎರಡನೇ ವ್ಯಂಜನ ಒಂದೇ ಆದರೆ ಸಾಲದು, ಮೊದಲ ಅಕ್ಷರದ ತೂಕವೂ ಹೊಂದಬೇಕು. "ದೂ" ಗುರು, "ಕೊ" ಲಘು, ನಿಜ, ಕೆಟ್ಟಿತು. ಕೆಡಲಿ. ಅದಾದ ಮೇಲೆ ಕೊನೆಯ ಪಲ್ಲವಿ:

ಯಾವ ಮುಖದಲಿ ಮಗನು ಎನ್ನಲಿ
ಅಪ್ಪ...

ಇಲ್ಲಿ ದನಿ ನಿಲ್ಲುತ್ತದೆ, ತಬಲ ನಿಲ್ಲುವುದಿಲ್ಲ. "ಕೂಲಿಗೆ ಇಟ್ಟುಕೊಳ್ಳೋ" ಇರಬೇಕಾದ ಜಾಗವನ್ನು ತಾಳ ಮಾತ್ರ ತುಂಬುತ್ತದೆ. ಕೇಳುವವರು ಆ ಸಾಲನ್ನು ಆಗಲೇ ಮೂರು ಸಲ ಕೇಳಿರುತ್ತಾರೆ, ಮನಸ್ಸಿನಲ್ಲೇ ಪೂರ್ತಿ ಮಾಡಿಕೊಳ್ಳುತ್ತಾರೆ. ಮೂರು ಚರಣ ಸಾಕಾಯಿತು. ಆಸ್ತಿ ಪಾಲು, ದೂರದೇಶ, ಬರಗಾಲ, ಕೊಬ್ಬಿದ ಕರು, ಎಲ್ಲ ಹೊರಗೇ ಉಳಿಯಿತು. ಅದು ಎಲ್ಲಿ ಅಂತ ಯಾರೂ ಕೇಳಲಿಲ್ಲ.

ಈಗ ಆ ಸಾಲುಗಳನ್ನು ಬೆರಳಲ್ಲಿ ಎಣಿಸಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಯಾವ (3), ಮುಖದಲಿ (4), ಮಗನು (3), ಎನ್ನಲಿ (4). ಹಂದಿ (3), ತಿನ್ನುವ (4), ಕಾಯ (3), ಸಿಪ್ಪೆಯ (4). ಮೂರು-ನಾಲ್ಕು, ಮೂರು-ನಾಲ್ಕು. ನಿಮ್ಮ ಶಾಲೆಯಲ್ಲಿ ದೊಡ್ಡ ತರಗತಿಯ ಮಕ್ಕಳಿಗೆ ಕಲಿಸುವ ಭಾಮಿನಿ ಷಟ್ಪದಿಯ ನಡೆ ಇದೇ, ಕುಮಾರವ್ಯಾಸನ ನಡೆ. ಸಂಗೀತದವರ ಬಾಯಲ್ಲಿ ಇದೇ ಮಿಶ್ರ ಚಾಪು, ಏಳು ಮಾತ್ರೆಯ ತಾಳ. ಸಾಲು ಮೊದಲೇ ಈ ನಡೆಯಲ್ಲಿದ್ದರೆ ಧಾಟಿ ಕಟ್ಟುವವರಿಗೆ ಅರ್ಧ ಕೆಲಸ ಮುಗಿದ ಹಾಗೆ. ದುಃಖದ, ಎಡವಿ ನಡೆಯುವ ಕಥೆಗೆ ಇದು ಹೇಳಿ ಮಾಡಿಸಿದ್ದು. ಕುಣಿಯುವ ಕಥೆಯಾದರೆ, ಮಿರ್ಯಾಮಳ ದಮ್ಮಡಿಯ ಹಾಗೆ, ನಾಲ್ಕು-ನಾಲ್ಕರ ನಡೆ ಹಿಡಿದು ಆದಿತಾಳಕ್ಕೆ ಹಾಕಿ.

ಇದೇನೂ ಹೊಸ ಉಪಾಯವಲ್ಲ. ನಿಘಂಟಿನ ಕಿಟ್ಟೆಲ್ ಎಂದು ನಾವೆಲ್ಲ ಕರೆಯುವ ಫರ್ಡಿನಾಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನವರಾಗಿ 1853ರಲ್ಲಿ ಇಲ್ಲಿಗೆ ಬಂದರು. ಆ ನಿಘಂಟು ಅಚ್ಚಾದದ್ದು 1894ರಲ್ಲಿ. ಅದಕ್ಕೂ ಮೂರು ದಶಕ ಮುಂಚೆ, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ಇಲ್ಲಿಯ ಛಂದಸ್ಸಿನಲ್ಲೇ ಕಟ್ಟಿ 'ಕಥಾಮಾಲೆ' ಎಂದು ಪ್ರಕಟಿಸಿದ್ದರು. ಆಮೇಲೆ 1875ರಲ್ಲಿ ಕನ್ನಡ ಛಂದಸ್ಸಿನ ಹಳೆಯ ಗ್ರಂಥವಾದ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಜರ್ಮನಿಯಿಂದ ಬಂದವರು ತಮ್ಮ ಊರಿನ ಧಾಟಿ ಬದಿಗಿಟ್ಟು ಷಟ್ಪದಿ ಕಲಿತರು. ಕನ್ನಡದಲ್ಲೇ ಹುಟ್ಟಿದ ನಾವು ಇಂಗ್ಲಿಷ್ ಧಾಟಿಗೆ ಕನ್ನಡ ತುಂಬಿಸಲು ಒದ್ದಾಡುತ್ತೇವೆ.

ಹಾಗಂತ ಇಂಗ್ಲಿಷ್ ಧಾಟಿ ಕೆಟ್ಟದ್ದು ಅಂತಲ್ಲ. ಅವುಗಳಲ್ಲಿ ಎಷ್ಟೋ ನನಗೂ ಪ್ರಾಣ. ತೊಂದರೆ ಎಲ್ಲಿ ಅಂದರೆ, ಆ ಧಾಟಿಗಳು ಬಹಳಷ್ಟು ಸಲ ತೂಕವಿಲ್ಲದ ಒಂದು ಸ್ವರದಿಂದ ಶುರುವಾಗಿ ಎರಡನೇ ಸ್ವರಕ್ಕೆ ಒತ್ತು ಹಾಕುತ್ತವೆ. ಇಂಗ್ಲಿಷ್ ಮಾತಿನ ನಡಿಗೆಯೇ ಹಾಗೆ. ಕನ್ನಡದ ಪದ ಮೊದಲ ಅಕ್ಷರದಲ್ಲೇ ನೆಲಕ್ಕೆ ಕಾಲೂರುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಹ್ರಸ್ವ-ದೀರ್ಘದ್ದು. ನಮ್ಮಲ್ಲಿ ಸ್ವರ ಎಳೆದರೆ ಅರ್ಥವೇ ಬೇರೆ. ವರ್ಷಗಳ ಹಿಂದೆ ಒಂದು ಶುಭಶುಕ್ರವಾರದ ಆರಾಧನೆಗೆ ನಾನೇ ಬರೆದ ಹಾಡಿನಲ್ಲಿ "ದೇವರ ಕುರಿಮರಿ" ಎಂದಿತ್ತು. ಧಾಟಿಯ ಉದ್ದದ ಸ್ವರ ಸರಿಯಾಗಿ "ಮ"ದ ಮೇಲೆ ಬಂದು ಬಿತ್ತು. ಮೂವತ್ತು ಜನರ ಮಂಡಳಿ ಭಕ್ತಿಯಿಂದ "ದೇವರ ಕುರಿ ಮಾರಿ" ಎಂದು ಹಾಡಿತು. ಹೊರಗೆ ಬಂದಾಗ ಎಂಟು ವರ್ಷದ ಹುಡುಗನೊಬ್ಬ ಕೇಳಿದ, "ಎಷ್ಟಕ್ಕೆ ಮಾರಿದ್ರು?"

ಅಂದಿನಿಂದ ನನ್ನದೊಂದು ಅಭ್ಯಾಸ. ಧಾಟಿಯ ಎಲ್ಲ ಉದ್ದ ಸ್ವರಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಆ ಗೆರೆಯ ಮೇಲೆ ದೀರ್ಘಾಕ್ಷರವನ್ನೋ ಒತ್ತಕ್ಷರದ ಹಿಂದಿನ ಅಕ್ಷರವನ್ನೋ ಕೂರಿಸುತ್ತೇನೆ. ಕೂರದಿದ್ದರೆ ಪದ ಬದಲಿಸುತ್ತೇನೆ, ಪದ ಬದಲಾಗದಿದ್ದರೆ ಧಾಟಿ ಬಿಡುತ್ತೇನೆ. ಸಿನಿಮಾ ಧಾಟಿಯಂತೂ ಬೇಡವೇ ಬೇಡ. ನೀವು ಯೇಸು ಸಂಕಟಪಟ್ಟು ಪ್ರಾರ್ಥಿಸಿದ ಗೆತ್ಸೇಮನೆ ತೋಟ ಎಂದು ಹಾಡುತ್ತಿದ್ದರೆ ಕೇಳುವವರ ಕಣ್ಣಲ್ಲಿ ನಾಯಕ-ನಾಯಕಿ ಕಬ್ಬನ್ ಪಾರ್ಕಿನಲ್ಲಿ ಓಡುತ್ತಿರುತ್ತಾರೆ.

ಹೆಸರುಗಳ ಬಗ್ಗೆಯೂ ಒಂದು ಮಾತು. ನೆಬೂಕದ್ನೆಚ್ಚರ ಎಂದರೆ ಒಂಬತ್ತು ಮಾತ್ರೆ. ನಿಮ್ಮ ಸಾಲಿನಲ್ಲಿ ಇರುವುದೇ ಹದಿನಾಲ್ಕು. "ಬಾಬೆಲಿನ ಅರಸ" ಎಂದರೆ ಯಾರಿಗೂ ನಷ್ಟವಿಲ್ಲ. ಹಾಡಿನಲ್ಲಿ ಹೆಸರಿಗಿಂತ ನಂಟು ದೊಡ್ಡದು: ಅಪ್ಪ, ಮಗ, ಅತ್ತೆ, ಅಣ್ಣ. ಹಾಗೆಯೇ ಕೃಪೆ, ಮಹಿಮೆ, ಕರುಣಾಸಾಗರ, ಪಾಪಿ ನಾನು, ಈ ನಾಣ್ಯಗಳೆಲ್ಲ ಕೈಯಿಂದ ಕೈಗೆ ಓಡಾಡಿ ಸವೆದುಹೋಗಿವೆ. ಒಂದು ಹಾಡನ್ನಾದರೂ ಇವು ಯಾವುವೂ ಇಲ್ಲದೆ ಬರೆದು ನೋಡಿ. ಹಂದಿ ತಿನ್ನುವ ಸಿಪ್ಪೆ ಎಂದಮೇಲೆ "ಘೋರ ಪಾಪದ ಕೂಪ" ಎಂದು ಬೇರೆ ಹೇಳಬೇಕೇ?

ಪ್ರಾಸ ಎಷ್ಟು? ಸಿಕ್ಕಿದರೆ ಬಿಡಬೇಡಿ, ಸಿಗದಿದ್ದರೆ ಅಟ್ಟಿಸಿಕೊಂಡು ಹೋಗಬೇಡಿ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಆದಿಪ್ರಾಸ ಬಿಟ್ಟವರು. ಯೇಸುವಿನ ಕೊನೆಯ ದಿನವನ್ನು ಕುರಿತು ಕನ್ನಡದಲ್ಲಿ 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದವರೂ ಅವರೇ, ಅವರೋ ಕ್ರೈಸ್ತರಲ್ಲ. ಬೈಬಲಿನ ಇಬ್ರಿಯ (ಹೀಬ್ರೂ) ಕಾವ್ಯಕ್ಕೂ ನಮ್ಮಂಥ ಪ್ರಾಸದ ಹಂಗಿಲ್ಲ. ಅದು ಒಂದೇ ಅರ್ಥವನ್ನು ಎರಡು ಸಲ, ಪದ ಬದಲಿಸಿ ಹೇಳಿ ಲಯ ಕಟ್ಟುತ್ತದೆ. ಬೈಬಲಿನ ಕೀರ್ತನೆಗಳನ್ನು ಯಾವ ಪುಟ ತೆರೆದರೂ ಇದು ಕಾಣುತ್ತದೆ. ಈ ಗುಣ ಅನುವಾದದಲ್ಲೂ ಉಳಿಯುತ್ತದೆ, ಕನ್ನಡಕ್ಕೆ ಸಲೀಸಾಗಿ ಬರುತ್ತದೆ.

ಈ ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಮುಂದಿನ ಹಾಡಿಗೆ ನಾನು ಸೂಚಿಸುವ ಕಥೆ ರೂತಳದ್ದು. ಕನ್ನಡದವರಿಗೆ ಅದು ತಾನಾಗಿ ಬಂದು ಮಡಿಲಿಗೆ ಬಿದ್ದ ಹಾಗೆ. ನಮ್ಮ ಬೀಸುವ ಪದಗಳಲ್ಲಿ, ತ್ರಿಪದಿಗಳಲ್ಲಿ ಅತ್ತೆ ಎಂದರೆ ಕಾಟ, ತವರು ಎಂದರೆ ತಂಪು. ಆ ಕಥೆಯಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನೊವೊಮಿ ಇಬ್ಬರು ಸೊಸೆಯಂದಿರಿಗೆ ದಾರಿಯಲ್ಲಿ ನಿಂತು ಹೇಳುವುದೇನು? ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿ. ತಾಯಿಯ ಮನೆ! ನಮ್ಮಲ್ಲಿ ಅದಕ್ಕೆ ಒಂದೇ ಪದ ಸಾಕು. ಒಬ್ಬಳು ಅತ್ತು, ಮುತ್ತಿಟ್ಟು, ತವರಿಗೆ ತಿರುಗುತ್ತಾಳೆ. ಇನ್ನೊಬ್ಬಳು, ರೂತಳು, ಅತ್ತೆಯನ್ನು ಬಿಡುವುದಿಲ್ಲ. ತವರಿನ ಹಾಡುಗಳನ್ನು ಕೇಳುತ್ತಾ ಬೆಳೆದ ಕಿವಿಗೆ "ತವರು ಒಲ್ಲೆ, ಅತ್ತೆ" ಎನ್ನುವ ಮಾತು ಎಷ್ಟು ತಟ್ಟೀತು ಊಹಿಸಿ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಭಾಗ್ಯವಿಲ್ಲ.

ಅದೇ ಕಥೆಯ ಎರಡನೇ ಅಧ್ಯಾಯದಲ್ಲಿ ಅವಳು ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಕೊಯ್ಲಿನ ಹಿಂದೆ ಬಿದ್ದ ತೆನೆ ಆರಿಸುವುದಕ್ಕೆ ನಮ್ಮ ರೈತರ ಬಾಯಲ್ಲಿ ಇರುವ ಪದವೇ ಕನ್ನಡ ಬೈಬಲಿನಲ್ಲೂ ಇದೆ. ಹೊಲದ ಯಜಮಾನ ಬೋವಜ ಆಳುಗಳಿಗೆ ಗುಟ್ಟಾಗಿ ಹೇಳುತ್ತಾನೆ: ಸಿವುಡಿನಿಂದ ಬೇಕಂತಲೇ ಒಂದಿಷ್ಟು ತೆನೆ ಕೆಳಗೆ ಬಿಡಿ. ಕೊಡುವುದನ್ನು ಕೊಟ್ಟ ಹಾಗೆ ಕಾಣದಂತೆ ಕೊಡುವವನು. ಇಡೀ ಹಾಡನ್ನು ಆ ಬಿದ್ದ ತೆನೆಯ ಮೇಲೆ ನಿಲ್ಲಿಸಬಹುದು. ಅವಳಿಗೆ ಗೊತ್ತಿಲ್ಲ, ಹಾಡುವವರಿಗೆ ಗೊತ್ತು. ಸೀಸೆರನ ತಾಯಿಯ ಕಿಟಕಿ ನೆನಪಾಯಿತೇ? ಅದೇ ಉಪಾಯ, ಈ ಸಲ ಸಂತೋಷಕ್ಕೆ.

ಹೀಗೆ ವಸ್ತು ಹಿಡಿಯುವ ಕಣ್ಣು ಒಮ್ಮೆ ಬಂದರೆ ಎಲ್ಲ ಕಡೆ ಕಾಣುತ್ತದೆ. ಯೋಹಾನನ ಸುವಾರ್ತೆಯಲ್ಲಿ ಶಿಷ್ಯ ಪೇತ್ರನು ಯೇಸುವನ್ನು ಅರಿಯೆನೆಂದದ್ದು ಇದ್ದಿಲ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಾ, 18ನೇ ಅಧ್ಯಾಯ. 21ರಲ್ಲಿ ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಾದ ಮೇಲೆ 153 ಮೀನು ಸಿಕ್ಕಿ ದಡಕ್ಕೆ ಬಂದರೆ, ಅಲ್ಲಿ ಮತ್ತೆ ಇದ್ದಿಲ ಬೆಂಕಿ, ಮೇಲೆ ಮೀನು. ಮೂರು ಸಲ ಇಲ್ಲವೆಂದವನನ್ನು ಯೇಸು "ನನ್ನನ್ನು ಪ್ರೀತಿಸುತ್ತೀಯಾ" ಎಂದು ಮೂರು ಸಲ ಕೇಳುವುದು ಆ ಬೆಂಕಿಯ ಪಕ್ಕದಲ್ಲಿ. ಇದರ ಮೇಲೆ ಹೆಚ್ಚು ಹೇಳುವುದಿಲ್ಲ, ನಾನೇ ಬರೆಯಬೇಕೆಂದಿದ್ದೇನೆ.

ಇಡೀ ಸಭೆ ಹಾಡಬೇಕಾದ ಹಾಡಾದರೆ ಲೆಕ್ಕ ಬೇರೆ. ಅದಕ್ಕೆ ಕೀರ್ತನೆ 136 ನೋಡಿ. 26 ವಚನ, ಪ್ರತಿಯೊಂದರ ಎರಡನೇ ಭಾಗ ಒಂದೇ. ಒಬ್ಬರು ಮುಂದೆ ಹೇಳುವುದು, ಎಲ್ಲರೂ ಅದೇ ಸಾಲಿನಿಂದ ಮಾರುತ್ತರ ಕೊಡುವುದು. ನಮ್ಮ ಭಜನೆ ಇದ್ದ ಹಾಗೆಯೇ. ಪುಸ್ತಕ ಇಲ್ಲದವರೂ ಓದು ಬಾರದ ಅಜ್ಜಿಯರೂ ಎರಡನೇ ಸುತ್ತಿಗೆ ಸೇರಿಕೊಳ್ಳುತ್ತಾರೆ. ಅಲ್ಲಿ ಮಾತ್ರ ನಿಮ್ಮ ಒಂಬತ್ತು ಚರಣಕ್ಕೂ ಜಾಗವಿದೆ.

ಬರೆದಾದ ಮೇಲೆ ಹಾಳೆ ಕೊಡದೆ ಯಾರಿಗಾದರೂ ಒಂದು ಸಲ ಹಾಡಿ ತೋರಿಸಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಏನು ನೆನಪಿದೆ ಎಂದು ಕೇಳಿ. ನಮ್ಮ ಹಾಡು ಕೇಳಿದ ಪಕ್ಕದ ಮನೆಯ ಹಿಂದೂ ಯಜಮಾನರಿಗೆ ಕಥೆ ಗೊತ್ತಿರಲಿಲ್ಲ. "ಅವನು ಏನೋ ಹೇಳಕ್ಕೆ ಹೋದ, ಅವರಪ್ಪ ಬಿಡಲಿಲ್ಲ, ಅಲ್ವಾ?" ಎಂದರು.

ನಿಮ್ಮ ಒಂಬತ್ತು ಚರಣಗಳಲ್ಲಿ ಕೊನೆಯ ಎರಡು ಹಿರಿಯ ಮಗನ ಮೇಲಿವೆ ಎಂದು ಕಾಣುತ್ತದೆ, ಏನೂ ಬಿಟ್ಟಿಲ್ಲ ಎಂದಿದ್ದೀರಲ್ಲ. ಅವನ್ನು ಎಸೆಯಬೇಡಿ, ಬೇರೆ ಹಾಳೆಗೆ ಎತ್ತಿಡಿ. ಅವನದು ಬೇರೆಯೇ ಹಾಡು. 25ನೇ ವಚನದಲ್ಲಿ ಅವನು ಹೊಲದಿಂದ ಬರುತ್ತಿರುವಾಗ ಮೊದಲು ಕಿವಿಗೆ ಬೀಳುವುದು ಮನೆಯೊಳಗಿನ ವಾದ್ಯ ಮತ್ತು ಕುಣಿತದ ಸದ್ದು. ಹಾಗಾಗಿ ಅವನ ಹಾಡು ಇನ್ನೊಂದು ಹಾಡಿನ ಸದ್ದಿನಿಂದಲೇ ಶುರುವಾಗಲಿ: ಮಂಡಳಿಯ ಅರ್ಧ ಜನ ಬಾಗಿಲ ಹಿಂದೆ ನಿಂತು ನಿಮ್ಮ ಮೊದಲ ಹಾಡಿನ ಪಲ್ಲವಿಯನ್ನು ಸಣ್ಣಗೆ ಹಾಡಲಿ, ಅವನೊಬ್ಬ ಹೊರಗೆ ನಿಲ್ಲಲಿ. ಅಪ್ಪ ಹೊರಗೆ ಬಂದು ಕರೆಯುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಲೂಕ ಬರೆದಿಲ್ಲ. ನೀವೂ ಬರೆಯಬೇಡಿ.